ಹೆಸರು ಕೊಡುವ ಶನಿವಾರ

ಹೋದ ತಿಂಗಳು ನಮ್ಮ ಸಭೆಯ ಹೊಸ ಬೋಧಕರು ಮನೆಗೆ ಬಂದಿದ್ದರು. ನನ್ನ ಮೊಮ್ಮಗನಿಗಿಂತ ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ, ನಡುವೆ ಬಾಯಿ ಹಾಕದೆ ಕೇಳುವ ಗುಣವೂ ಇದೆ. ಕೈಯಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆ ಇತ್ತು. ಹಳೆಯ ಸದಸ್ಯರ ಸಾಕ್ಷಿಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತಾರಂತೆ. ನೀವು ಯಾವ ದಿನ, ಯಾವ ಸ್ಥಳದಲ್ಲಿ ಕರ್ತನನ್ನು ಅಂಗೀಕರಿಸಿದಿರಿ ಎಂಬುದು ಹಾಳೆಯ ಮೊದಲನೆಯ ಪ್ರಶ್ನೆ. ಚಹಾ ಆರುತ್ತದೆ, ಕುಡಿಯಿರಿ ಎಂದೆ. ಕುಡಿದು ಮತ್ತೆ ಅದನ್ನೇ ಕೇಳಿದರು. ಆ ಪ್ರಶ್ನೆಗೆ ನಾನು ಹದಿಮೂರನೆಯ ವಯಸ್ಸಿನಲ್ಲಿ ಒಂದು ಸಲ ಉತ್ತರ ಕೊಟ್ಟಿದ್ದೇನೆ. ಬಹಳ ಚೆನ್ನಾಗಿ ಕೊಟ್ಟಿದ್ದೇನೆ, ಕೇಳಿದವರು ಕಣ್ಣೊರೆಸಿಕೊಂಡಿದ್ದಾರೆ. ಅದಾದ ಮೇಲೆ ಯಾರು ಕೇಳಿದರೂ ಕೊಟ್ಟಿಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಶುರುಮಾಡುವುದೂ ಇಲ್ಲ. ಹಾಳೆಯನ್ನು ಮಡಿಚಿ ಅವರ ಕೈಗೇ ವಾಪಸು ಕೊಟ್ಟೆ. ಮುಖ ಸಣ್ಣಗೆ ಮಾಡಿಕೊಂಡು ಹೋದರು. ಅವರಿಗೆ ಕಾರಣವನ್ನಾದರೂ ಹೇಳಬೇಕಿತ್ತು ಎನಿಸಿ ಇದನ್ನು ಬರೆಯುತ್ತಿದ್ದೇನೆ.

ಶಿರಸಿಯಲ್ಲಿ ನಮ್ಮದು ಉಪದೇಶಿಯ ಮನೆ. ಅಪ್ಪ ಮಿಶನ್ನಿನ ಉಪದೇಶಿ, ಅಂದರೆ ಪಾದ್ರಿಗಿಂತ ಕೆಳಗೆ, ಸಭೆಯವರಿಗಿಂತ ಒಂದು ಗೇಣು ಮೇಲೆ, ಇಬ್ಬರಿಂದಲೂ ಬೈಸಿಕೊಳ್ಳುವ ಜಾಗ. ಸಂತೆಯ ದಿನ ಮರದ ಕೆಳಗೆ ನಿಂತು ಉಪದೇಶ ಮಾಡುವುದು, ಸಿದ್ದಾಪುರದಲ್ಲಿದ್ದ ಎರಡು ಮನೆಗಳಿಗೆ, ಯಲ್ಲಾಪುರದಲ್ಲಿದ್ದ ಮೂರು ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿ ಬರುವುದು, ಉಳಿದ ದಿನ ಊರಿನ ಹದಿನಾಲ್ಕು ಮನೆಗಳ ಜಗಳ ಬಿಡಿಸುವುದು ಅವರ ಕೆಲಸ. ಪ್ರಾರ್ಥನೆ ಮನೆಗೂ ನಮ್ಮ ಅಡಿಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಮಾಡಿನವರೆಗೆ ಹೋಗಿರಲಿಲ್ಲ. ಭಾನುವಾರ ಅಪ್ಪ ಆಚೆ ಕಡೆ ಪ್ರಸಂಗ ಮಾಡುತ್ತಿದ್ದರೆ ಈಚೆ ಕಡೆ ಕೆಂಡದ ಮೇಲೆ ಬಿಟ್ಟು ಬಂದ ಬಂಗಡೆ ಸಾರಿನ ವಾಸನೆ ಗೋಡೆ ದಾಟಿ ಬರುತ್ತಿತ್ತು. ಪ್ರಸಂಗ ಎಲ್ಲಿಯವರೆಗೆ ಬಂತು ಎಂಬುದನ್ನು ನಾನು ಆ ವಾಸನೆಯಿಂದಲೇ ಅಳೆಯುತ್ತಿದ್ದೆ. ನಮ್ಮ ಹಿರಿಯರು ಧಾರವಾಡದ ಕಡೆಯವರು. ಊರೆಲ್ಲ ಎರಡು ಹೊತ್ತು ಅನ್ನ ಉಣ್ಣುತ್ತಿದ್ದರೆ ನಮ್ಮ ಮನೆಯಲ್ಲಿ ಮಾತ್ರ ಹುಬ್ಬಳ್ಳಿಯಿಂದ ಜೋಳ ತರಿಸಿ ರೊಟ್ಟಿ ಬಡಿಯುತ್ತಿದ್ದರು. ಆ ಸದ್ದಿಗೆ ಓಣಿಯ ಮಕ್ಕಳು ನಮ್ಮನ್ನು ಚಪ್ಪಾಳೆ ಮನೆಯವರು ಎಂದು ಕರೆಯುತ್ತಿದ್ದರು.

ರೊಟ್ಟಿ ಬಡಿಯುತ್ತಿದ್ದವಳು ಸಾರತ್ತೆ, ಅಪ್ಪನ ಅಕ್ಕ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ಚಿಕ್ಕಂದಿನಲ್ಲಿ ಸಿಡುಬು ಎದ್ದು ಮುಖದ ತುಂಬ ಕಲೆ. ಓದು ಬರುತ್ತಿರಲಿಲ್ಲ. ಅಪ್ಪ ಸಂಜೆಯ ಪ್ರಾರ್ಥನೆಯನ್ನು ಸ್ವಲ್ಪ ಉದ್ದ ಮಾಡಿದರೆ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಳು, ಆಮೆನ್ ಎನ್ನುವ ಹೊತ್ತಿಗೆ ಮಾತ್ರ ಎಲ್ಲರಿಗಿಂತ ಜೋರಾಗಿ ಆಮೆನ್ ಎನ್ನುತ್ತಿದ್ದಳು. ಆದರೆ ಬೀಸುಕಲ್ಲಿನ ಮುಂದೆ ಕೂತಳೆಂದರೆ ಬಾಯಿಗೆ ಬಿಡುವಿರುತ್ತಿರಲಿಲ್ಲ. ಯಾರ ಜೊತೆ ಮಾತನಾಡುತ್ತಾಳೆ ಎಂದು ಹೊಸಬರು ಇಣುಕಿ ನೋಡಬೇಕು, ಹಾಗೆ. ಕರ್ತನ ಜೊತೆ. ಜೋಳದಲ್ಲಿ ಕಲ್ಲು ಬಹಳ ಬಂದಿದೆ, ತಮ್ಮನ ಕೆಮ್ಮು ನಿಂತಿಲ್ಲ, ನಿನಗೆ ಕೇಳಿಸುತ್ತದೋ ಇಲ್ಲವೋ, ಹೀಗೆ ಮನೆಗೆ ಬಂದ ಮೈದುನನಿಗೆ ಹೇಳಿಕೊಂಡ ಹಾಗೆ ಹೇಳಿಕೊಳ್ಳುತ್ತಿದ್ದಳು. ಅಪ್ಪನಿಗೆ ಇದರಿಂದ ನಾಚಿಕೆ. ದೇವರ ಸಂಗಡ ಮಾತನಾಡುವುದಕ್ಕೆ ಒಂದು ರೀತಿ ಇದೆ ಎಂದು ಹೇಳಿ ನೋಡಿದರು. ರೀತಿ ನಿನಗೆ ಬರುತ್ತದಲ್ಲ, ನೀನು ಮಾಡು ಎಂದಳು.

ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಪಾದ್ರಿಯವರು ಬಸ್ಸಿನಲ್ಲಿ ಬಂದು ಕರ್ತನ ಭೋಜನ, ಅಂದರೆ ಕ್ರಿಸ್ತನ ನೆನಪಿಗೆ ರೊಟ್ಟಿ ಮುರಿದು ದ್ರಾಕ್ಷಾರಸ ಕುಡಿಯುವ ಸಂಸ್ಕಾರ, ನಡೆಸಿಕೊಡುತ್ತಿದ್ದರು. ಅದರ ಹಿಂದಿನ ದಿನ ಹೆಸರು ಕೊಡುವ ಶನಿವಾರ. ಭೋಜನಕ್ಕೆ ಕೂಡಬೇಕೆನ್ನುವವರು ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಹೆಸರು ಹೇಳಬೇಕು. ಸಭೆಯ ಹಿರಿಯರು ಎದುರಿಗೆ ಕೂತು, ಯಾರ ಮೇಲಾದರೂ ಹಗೆ ಇದೆಯೋ, ಗುಟ್ಟಿನ ಪಾಪ ಇದೆಯೋ, ಅನ್ಯದೇವರ ಕಡೆ ಮನಸ್ಸು ಹೋಗಿದೆಯೋ ಎಂದು ಕೇಳುತ್ತಾರೆ. ಸರಿಯಾದ ಉತ್ತರ ಬಂದರೆ ಅಪ್ಪ ಪುಸ್ತಕದಲ್ಲಿ ಹೆಸರು ಬರೆಯುತ್ತಾರೆ. ಹಗೆ ಇದ್ದವರು ಅಲ್ಲೇ ರಾಜಿಯಾಗಬೇಕು. ಅವ್ವನಿಗೂ ಹಿರಿಯ ಯೋನಪ್ಪನವರ ಹೆಂಡತಿಗೂ ಬಾವಿಯ ಪಾಳಿಯ ವಿಷಯಕ್ಕೆ ವರ್ಷದ ಹನ್ನೆರಡೂ ತಿಂಗಳು ಜಗಳ. ಶನಿವಾರ ಇಬ್ಬರೂ ಕೈ ಹಿಡಿದು ಅತ್ತು ಒಂದಾಗುವರು, ಸೋಮವಾರ ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಬಿಟ್ಟಲ್ಲಿಂದ ಶುರುಮಾಡುವರು. ಚಿಕ್ಕವಳಾಗಿದ್ದಾಗ ನನಗೆ ಇದು ನಗೆಯಾಗಿ ಕಂಡಿತ್ತು. ಈಗ ಅನಿಸುತ್ತದೆ, ವರ್ಷಕ್ಕೆ ನಾಲ್ಕು ದಿನವಾದರೂ ಅವರಿಬ್ಬರು ನಿಜವಾಗಿಯೇ ಅಳುತ್ತಿದ್ದರು.

ಭೋಜನದ ರೊಟ್ಟಿ ತಯಾರಾಗುತ್ತಿದ್ದದ್ದು ನಮ್ಮ ಅಡಿಗೆಮನೆಯಲ್ಲಿ, ಸಾರತ್ತೆಯ ಕೈಯಿಂದ. ಶುಕ್ರವಾರ ಬೀಸುಕಲ್ಲು ತೊಳೆದು ಒಣಗಿಸಿ ಗೋಧಿ ಬೀಸುವುದು, ಭಾನುವಾರ ನಸುಕಿನಲ್ಲಿ ಉಪ್ಪಿಲ್ಲದ ಹಿಟ್ಟು ನಾದಿ ಹಂಚಿನ ಮೇಲೆ ಬೇಯಿಸುವುದು. ಆ ಎರಡು ದಿನ ದೃಢೀಕರಣ ಆಗದವರು, ಅಂದರೆ ಸಭೆಯ ಮುಂದೆ ವಿಶ್ವಾಸ ಒಪ್ಪಿಕೊಂಡು ಭೋಜನಕ್ಕೆ ಸೇರದವರು, ಆ ಹಿಟ್ಟನ್ನು ಮುಟ್ಟುವ ಹಾಗಿಲ್ಲ, ಬೀಸುಕಲ್ಲಿನ ಗೂಟವನ್ನೂ ಹಿಡಿಯುವ ಹಾಗಿಲ್ಲ. ದ್ರಾಕ್ಷಾರಸವೆಂದರೆ ಅಪ್ಪ ಒಣದ್ರಾಕ್ಷಿ ನೆನೆಸಿ ಕುದಿಸಿ ಹಿಂಡಿದ ರಸ. ಹಿಂಡಿ ಉಳಿದ ಸಿಪ್ಪೆ ನನ್ನ ಪಾಲಿಗೆ ಬರುತ್ತಿತ್ತು. ಅದಕ್ಕಿಂತ ಹೆಚ್ಚಿನದು ಬೇಕಾದರೆ ನಾನು ದೃಢೀಕರಣ ಹೊಂದಬೇಕು, ಅದಕ್ಕೆ ಮೊದಲು ಸಭೆಯ ಮುಂದೆ ಸಾಕ್ಷಿ ಹೇಳಬೇಕು.

ಸಾಕ್ಷಿಯ ಯಜಮಾನರು ಹಿರಿಯ ಯೋನಪ್ಪನವರು. ಜಂಗಲ್ ಡಿಪೋದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮನೆಯಲ್ಲಿಯೂ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದರು, ಬೆಕ್ಕನ್ನು ಓಡಿಸುವಾಗಲೂ. ಯಲ್ಲಾಪುರದ ಕಾಡುದಾರಿಯಲ್ಲಿ ಒಂದು ಸಂಜೆ ಹುಲಿ ಎದುರಾದಾಗ ಅವರ ಹೃದಯ ತಿರುಗಿತಂತೆ. ವರ್ಷಕ್ಕೆರಡು ಸಲವಾದರೂ ನಾವು ಆ ಸಾಕ್ಷಿ ಕೇಳುತ್ತಿದ್ದೆವು. ನಾನು ಚಿಕ್ಕವಳಿದ್ದಾಗ ಹುಲಿ ದಾರಿ ದಾಟಿ ಹೋಗಿತ್ತು, ನಾನು ಹತ್ತು ವರ್ಷದವಳಾಗುವಷ್ಟರಲ್ಲಿ ಅದು ಅವರ ಎದುರಿಗೆ ಕೂತು ಮುಖ ನೋಡಲು ಕಲಿತಿತ್ತು. ಹುಟ್ಟಿನಿಂದ ಕ್ರೈಸ್ತರಾದರೆ ಸಾಲದು, ಯಾವ ದಿನ, ಯಾವ ಹೊತ್ತು, ಎಲ್ಲಿ ಮನಸ್ಸು ತಿರುಗಿತು ಎಂದು ಹೇಳಬಲ್ಲವರೇ ನಿಜವಾದ ವಿಶ್ವಾಸಿಗಳು, ಕೇಳಿದ ಕೂಡಲೇ ನಿಜ ಯಾವುದು, ಸುಳ್ಳು ಯಾವುದು ಎಂದು ತಮಗೆ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಅವರು ಢೋಂಗಿ ಎಂದು ಹೇಳಿದರೆ ನನಗೇ ಪಾಪ ತಗಲುತ್ತದೆ. ಯಲ್ಲಾಪುರದಲ್ಲಿ ಒಬ್ಬ ಅನಾಥ ಮುದುಕ ಪ್ಲೇಗಿನಲ್ಲಿ ಸತ್ತಾಗ ಹೊರಲು ಯಾರೂ ಬರಲಿಲ್ಲವೆಂದು ಒಬ್ಬರೇ ಹೋಗಿ, ಗುಣಿ ತೋಡಿ, ಮಣ್ಣು ಮಾಡಿ ಬಂದವರು ಅವರೇ. ಆ ಕಥೆಯನ್ನು ಅವರು ಒಂದು ಸಲವೂ ಸಾಕ್ಷಿಯಲ್ಲಿ ಹೇಳಿಕೊಂಡಿರಲಿಲ್ಲ. ಹುಲಿಯನ್ನೇ ಹೇಳುತ್ತಿದ್ದರು.

ದೃಢೀಕರಣಕ್ಕೆ ಬಾಯಿಪಾಠ ಮಾಡಬೇಕಾದ ಪ್ರಶ್ನೋತ್ತರಿಯಲ್ಲಿ ನನಗೆ ಬಾರದ ಉತ್ತರವಿರಲಿಲ್ಲ. ಬಾರದಿದ್ದದ್ದು ಆ ದಿನ ಮತ್ತು ಆ ಹೊತ್ತು. ನಾನು ಕಾದೆ, ಸುಳ್ಳಲ್ಲ. ಜೋಳದ ಚೀಲಗಳ ಸಂದಿಯಲ್ಲಿ ಮೊಣಕಾಲೂರಿ, ಎದೆ ಉರಿಯಲಿ, ಅಳು ಬರಲಿ, ಏನಾದರೂ ಆಗಲಿ ಎಂದು ಬೇಡಿಕೊಂಡೆ. ಮೊಣಕಾಲಿಗೆ ಜೋಳ ಒತ್ತಿ ಗುಂಡಗೆ ಗುರುತು ಬಿದ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ನಾನು ನಿಜವಾದವಳಲ್ಲ, ಉಪದೇಶಿಯ ಮನೆಯಲ್ಲಿ ತಪ್ಪಿ ಹುಟ್ಟಿದವಳು ಎಂಬ ಹೆದರಿಕೆ ಶುರುವಾಯಿತು. ಈ ಹೆದರಿಕೆಯನ್ನು ಯಾರ ಮುಂದೆ ಹೇಳುವುದು? ಮನೆಯಲ್ಲಿ ಎಲ್ಲ ಪಾಪಗಳಿಗೂ ಹೆಸರಿತ್ತು, ಇದಕ್ಕಿರಲಿಲ್ಲ. ನಾನು ಸಾಕ್ಷಿ ಹೇಳಬೇಕಾಗಿದ್ದ ಬುಧವಾರ ಹತ್ತಿರ ಬಂದ ಹಾಗೆ ಹೆದರಿಕೆ ಹೋಗಿ ಹಟ ಬಂತು. ದಿನ ಬೇಕೇ ನಿಮಗೆ, ತೆಗೆದುಕೊಳ್ಳಿ ಎಂದುಕೊಂಡೆ.

ಅದರ ಹಿಂದಿನ ತಿಂಗಳು ಒಂದು ಸೋಮವಾರ ನಮ್ಮ ತಾಮ್ರದ ಕೊಡ ಬಾವಿಗೆ ಬಿದ್ದಿತ್ತು. ಪಾತಾಳಗರಡಿ ಹಾಕಿ ಎಳೆದರೂ ಸಿಗದೆ ಊರಿಗೆಲ್ಲ ಸುದ್ದಿಯಾಗಿತ್ತು. ಬೀಳಿಸಿದವಳು ಅವ್ವ. ನಾನು ಏಳದೆ ಮುಸುಕು ಹಾಕಿ ಮಲಗಿದ್ದಕ್ಕೆ ಬೈಯುತ್ತ ತಾನೇ ನೀರಿಗೆ ಹೋಗಿದ್ದಳು. ಸಾಕ್ಷಿಯಲ್ಲಿ ನಾನು ಅವ್ವನನ್ನು ತೆಗೆದು ಆ ಜಾಗದಲ್ಲಿ ನನ್ನನ್ನು ನಿಲ್ಲಿಸಿದೆ. ಸೋಮವಾರ ಬೆಳಿಗ್ಗೆ ಹಗ್ಗ ಜಾರಿತು, ಕೊಡ ಮುಳುಗುತ್ತಿರುವುದನ್ನು ಬಗ್ಗಿ ನೋಡಿದೆ, ನೀನೂ ಹೀಗೆಯೇ ಮುಳುಗುತ್ತಿದ್ದೀ ಎಂಬ ಧ್ವನಿ ಕೇಳಿಸಿತು, ಅಲ್ಲೇ ಬಾವಿಕಟ್ಟೆಯ ಮೇಲೆ ಅತ್ತು ಶರಣಾದೆ ಎಂದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದನ್ನು ಯೋನಪ್ಪನವರ ಹುಲಿಯಿಂದ ಕಲಿತಿದ್ದೆ. ಧ್ವನಿಯ ಹತ್ತಿರ ಬಂದಾಗ ನನಗೇ ನಿಜವಾದ ಅಳು ಬಂದುಬಿಟ್ಟಿತು. ಯೋನಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಪ್ಪತ್ತು ವರ್ಷಗಳಲ್ಲಿ ಇಷ್ಟು ಶುದ್ಧವಾದ ಸಾಕ್ಷಿ ಕೇಳಿಲ್ಲ ಎಂದರು. ಅಪ್ಪನ ಮುಖ ಹಿಗ್ಗಿ ಎರಡಾಯಿತು. ಹೆಂಗಸರ ಕಡೆ ನೋಡಿದೆ. ಅವ್ವ ನನ್ನನ್ನೇ ನೋಡುತ್ತಿದ್ದಳು, ರೆಪ್ಪೆ ಮಿಟುಕಿಸದೆ. ಮರುದಿನದಿಂದ ಬೆಳಿಗ್ಗೆ ನೀರಿಗೆ ನನ್ನನ್ನೇ ಕಳಿಸತೊಡಗಿದಳು.

ಆ ವಾರವೇ ಪಕ್ಕದ ಮನೆಯ ಗಣಪುವಿಗೆ ಅಮ್ಮ ಎದ್ದಳು. ಸಿಡುಬು ಎನ್ನುವ ಹಾಗಿರಲಿಲ್ಲ, ತಾಯಿ ಬಂದಿದ್ದಾಳೆ ಎನ್ನಬೇಕು. ಅವನ ಅಪ್ಪ ಕುಮಟೆಗೆ ಅಡಿಕೆ ಹೇರಿಕೊಂಡು ಗಾಡಿ ಹೊಡೆದು ಹೋಗಿದ್ದ. ತಾಯಿ ಮಾದೇವಿ ತುಂಬಿದ ಬಸುರಿ. ಓಣಿಯವರು ಆ ಮನೆಯ ಮುಂದಿನ ದಾರಿಯನ್ನೇ ಬಿಟ್ಟರು. ಸಾರತ್ತೆಗೆ ಒಂದು ಸಲ ಎದ್ದು ಹೋದದ್ದರಿಂದ ಹೆದರಿಕೆ ಇರಲಿಲ್ಲ. ಬೆಳಿಗ್ಗೆ ನಮ್ಮ ರೊಟ್ಟಿ ಬಡಿದಿಟ್ಟು ಆ ಮನೆಗೆ ಹೋದರೆ ಸಂಜೆಗೆ ಬರುತ್ತಿದ್ದಳು. ಮುಂಡಗೋಡ ಕಡೆಯ ಗಾಡಿಯವರಿಂದ ಬೇವಿನ ಸೊಪ್ಪು ತರಿಸಿ ಹಾಸುವುದು, ಕೂಸಿನ ಕೈ ಹಿಡಿದು ತುರಿಸಿಕೊಳ್ಳದ ಹಾಗೆ ಕೂಡುವುದು, ಒಗ್ಗರಣೆಯಿಲ್ಲದ ಗಂಜಿ ಕಾಯಿಸಿ ಮಾದೇವಿಗೆ ಕುಡಿಸುವುದು. ಆ ದಿನಗಳಲ್ಲಿ ನಮ್ಮ ಮನೆಯಲ್ಲೂ ಒಗ್ಗರಣೆ ಹಾಕಲಿಲ್ಲ, ವಾಸನೆ ಆ ಮನೆಗೆ ಹೋಗುತ್ತದೆ ಎಂದು. ಅಪ್ಪ ಸಪ್ಪೆ ಸಾರನ್ನು ಮಾತಿಲ್ಲದೆ ಉಂಡರು. ಕೂಸು ಉಳಿಯಿತು. ತಲೆಗೆ ನೀರು ಹಾಕಿದ ದಿನ ಮೊಸರನ್ನದ ತಟ್ಟೆಯನ್ನು ಓಣಿಯ ಕೊನೆಯ ಆಲದ ಮರದ ಬುಡಕ್ಕೆ ಇಟ್ಟು ಬರಬೇಕು, ಅದು ತಾಯಿಯನ್ನು ಕಳಿಸಿಕೊಡುವ ಪದ್ಧತಿ. ಮಾದೇವಿ ಸೊಂಟ ಹಿಡಿದುಕೊಂಡು ತಟ್ಟೆ ಎತ್ತಲು ಹೋಗಿ ಅಲ್ಲೇ ಕೂತಳು. ಹಿತ್ತಿಲ ಬೇಲಿಯಲ್ಲಿ ನಿಂತಿದ್ದ ನನಗೆ ಅವಳ ಮಾತು ಕೇಳಿಸಿತು.

“ಅಕ್ಕಾ, ನನ್ನ ಹತ್ರ ಆಗ್ತಾ ಇಲ್ಲ. ಇದೊಂದು ಇಡದೆ ಉಳಿದ್ರೆ ಮತ್ತೆ ಕೂಸಿಗೆ ಎಂತ ಆಗ್ತದೋ.”

ಸಾರತ್ತೆ ತಟ್ಟೆ ತೆಗೆದುಕೊಂಡು ನಡೆದಳು. ನಡು ಮಧ್ಯಾಹ್ನ. ಯೋನಪ್ಪನವರು ಎದುರು ದಿಕ್ಕಿನಿಂದ ಕೊಡೆ ಹಿಡಿದು ಬರುತ್ತಿದ್ದರು.

ಅದಾಗಿ ಮೂರನೆಯ ದಿನವೇ ಹೆಸರು ಕೊಡುವ ಶನಿವಾರ. ಅತ್ತೆ ಆಗಲೇ ಗೋಧಿ ಬೀಸಿಟ್ಟಿದ್ದಳು. ಎಲ್ಲರಿಗೂ ಸುದ್ದಿ ಗೊತ್ತಾಗಿತ್ತು. ಜಗಲಿಯಲ್ಲಿ ಎಂದಿಗಿಂತ ಹೆಚ್ಚು ಜನ ಕೂತಿದ್ದರು, ಹೆಸರು ಕೊಟ್ಟು ಮುಗಿದವರೂ ಎದ್ದು ಹೋಗಿರಲಿಲ್ಲ. ನಾನು ಬಾಗಿಲ ಸಂದಿಯಲ್ಲಿದ್ದೆ. ಆ ಸಂಭಾಷಣೆ ನನಗೆ ಪ್ರಶ್ನೋತ್ತರಿಗಿಂತ ಚೆನ್ನಾಗಿ ಬಾಯಿಗೆ ಬರುತ್ತದೆ. ಮೊದಲು ಕೇಳಿದವರು ಯೋನಪ್ಪನವರು.

“ಸಾರಮ್ಮ, ನೀವು ಆ ನೈವೇದ್ಯದ ತಟ್ಟೆಯನ್ನು ಹೊತ್ತದ್ದು ನಿಜವೋ?”

“ಹೊತ್ತೇನ್ರಿ. ಆಕಿ ಬಸುರಿ, ತಟ್ಟಿ ಭಾರ ಇತ್ತು.”

“ಅಲ್ಲಿ ಕೈ ಮುಗಿದಿರೋ?”

“ಕೈಯಾಗ ತಟ್ಟಿ ಇತ್ತಲ್ಲರಿ.”

“ತಟ್ಟೆ ಇಟ್ಟ ಮೇಲೆ?”

ಇಲ್ಲವೆಂದಿದ್ದರೆ ಮುಗಿಯುತ್ತಿತ್ತು. ಆಲದ ಮರದವರೆಗೆ ಯೋನಪ್ಪನವರು ಬಂದು ನೋಡಿರಲಿಲ್ಲ. ಅಪ್ಪ ಪುಸ್ತಕದ ಮೇಲೆ ಲೇಖಣಿ ಹಿಡಿದು, ಇಲ್ಲವೆನ್ನು ಎಂಬ ಹಾಗೆ ಅಕ್ಕನನ್ನು ನೋಡುತ್ತಿದ್ದರು. ಅತ್ತೆ ನೆನಪು ಮಾಡಿಕೊಂಡಳು.

“ಮುಗದಿರಬೇಕ್ರಿ. ಕೂಸು ಉಳೀಲಿ ಅಂತ ಬೇಡಕೊಂಡೆ.”

“ಯಾರನ್ನು ಬೇಡಿಕೊಂಡಿರಿ?”

“ಕೇಳಿಸಿಕೊಳ್ಳಾವ ಒಬ್ಬನ ಅದಾನಲ್ಲರಿ.”

ಯೋನಪ್ಪನವರು ತಲೆ ಅಲ್ಲಾಡಿಸಿದರು. ಇದು ಉತ್ತರವಲ್ಲ, ತಪ್ಪಾಯಿತೆಂದು ನಾಳೆ ಸಭೆಯ ಮುಂದೆ ಒಪ್ಪಿಕೊಳ್ಳಿ, ಒಂದು ಮಾತು ಸಾಕು, ಹೆಸರು ಬರೆದುಕೊಳ್ಳೋಣ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ದಾರಿ ತೋರಿಸುತ್ತಿದ್ದರು. ಅತ್ತೆ ಅವರ ಮುಖವನ್ನೇ ನೋಡಿ ಹೇಳಿದಳು.

“ತಪ್ಪು ಅಂತ ಅನಸವಲ್ದರಿ. ಅನಸಲಾರದ ಹೆಂಗ ಹೇಳ್ಲಿ?”

ಅಪ್ಪ ಲೇಖಣಿ ಕೆಳಗಿಟ್ಟರು. ಸಾರತ್ತೆಯ ಹೆಸರು ಪುಸ್ತಕಕ್ಕೆ ಬರಲಿಲ್ಲ. ಬೀಸಿದ ಗೋಧಿ ಹಿಟ್ಟನ್ನು ಕೋಳಿಗಳಿಗೆ ಹಾಕಬೇಕು, ರೊಟ್ಟಿ ಹಿರಿಯರ ಮನೆಯಿಂದ ಬರುತ್ತದೆ ಎಂದು ತೀರ್ಮಾನವಾಯಿತು. ಅದೇ ಉಸಿರಿನಲ್ಲಿ ಯೋನಪ್ಪನವರು ನನ್ನನ್ನು ಹೊರಗೆ ಕರೆಸಿ, ನಾಳೆ ದೃಢೀಕರಣ ಹೊಂದುವ ಈ ಮಗು ಹಿರಿಯರಿಗೆ ಮಾದರಿಯಾಗಿದೆ ಎಂದು ಎಲ್ಲರಿಗೂ ಹೇಳಿದರು. ಅಪ್ಪ ನನ್ನ ಹೆಸರು ಬರೆದರು. ಅತ್ತೆಯ ಹೆಸರು ಬರಬೇಕಾಗಿದ್ದ ಸಾಲಿನಲ್ಲೇ ಬರೆದರು.

ಆ ಸಂಜೆ ಊಟದಲ್ಲಿ ಅವ್ವನಿಗೂ ಅಪ್ಪನಿಗೂ ಜಗಳವಾಯಿತು. ಅಕ್ಕನ ಪರವಾಗಿ ಒಂದು ಮಾತು ಆಡಲು ಏನಾಗಿತ್ತು ಎಂದು ಅವ್ವ. ಆಡಿದ್ದರೆ ಉಪದೇಶಿ ತನ್ನ ಮನೆಯವರಿಗೆ ಒಂದು ನ್ಯಾಯ, ಮಂದಿಗೆ ಒಂದು ನ್ಯಾಯ ಮಾಡುತ್ತಾನೆ ಎನ್ನುತ್ತಾರೆ, ಹಿರಿಯರು ಮಿಶನ್ನಿಗೆ ಕಾಗದ ಬರೆಯುತ್ತಾರೆ, ಮನೆ ಬಿಡಬೇಕಾಗುತ್ತದೆ ಎಂದು ಅಪ್ಪ. ಅವರು ಹೇಳಿದ್ದು ಸುಳ್ಳಲ್ಲ. ಆ ಮನೆ ನಮ್ಮದಾಗಿರಲಿಲ್ಲ, ಮಿಶನ್ನಿನದು. ಸಾರತ್ತೆ ಇಬ್ಬರ ತಟ್ಟೆಗೂ ರೊಟ್ಟಿ ಹಾಕಿ, ಕೋಳಿಗೆ ಹಾಕುವಷ್ಟು ಗೋಧಿ ಹಿಟ್ಟು ಯಾರ ಮನೆಯಲ್ಲೂ ಇಲ್ಲ, ನಾಳೆ ಪಾದ್ರಿಯವರ ಚಹಾಕ್ಕೆ ಹಲ್ವ ಮಾಡುತ್ತೇನೆ ಎಂದಳು. ಸಿದ್ದಾಪುರದ ಕಡೆ ಕರ ಕೊಡುವುದಿಲ್ಲವೆಂದು ಜನ ಮನೆಮಾರು ಜಪ್ತಿ ಮಾಡಿಸಿಕೊಂಡು ಜೈಲಿಗೆ ಹೋಗುತ್ತಿದ್ದ ವರ್ಷಗಳು ಅವು. ಅಪ್ಪ ಅಲ್ಲಿಂದ ಬಂದಾಗಲೆಲ್ಲ ಆ ಕಥೆಗಳನ್ನು ತರುತ್ತಿದ್ದರು, ಮೆಚ್ಚಿಕೊಂಡೇ ಹೇಳುತ್ತಿದ್ದರು. ನಾನು ರೊಟ್ಟಿ ಮುರಿಯುತ್ತ ಅಪ್ಪನ ಮುಖ ನೋಡಿದೆ. ಜೀವನದಲ್ಲಿ ಮೊದಲನೆಯ ಸಲ ಅವರ ಮೇಲೆ ನನಗೆ ಸಿಟ್ಟು ಬಂತು, ಅದು ಬಹಳ ವರ್ಷ ಇಳಿಯಲಿಲ್ಲ.

ಭಾನುವಾರ ಹೊಸ ಬಿಳಿ ಲಂಗ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂತೆ. ಸಾರತ್ತೆ ಮನೆಯಲ್ಲೇ ಉಳಿಯುತ್ತಾಳೆ ಎಂದು ಎಲ್ಲರೂ ಎಣಿಸಿದ್ದರು. ಬಂದಳು. ಹೆಂಗಸರ ಕೊನೆಯ ಸಾಲಿನಲ್ಲಿ ತನ್ನ ಮಾಮೂಲಿ ಜಾಗದಲ್ಲಿ ಕೂತು, ಎಂದಿನ ಹಾಗೆ ಅರ್ಧ ಸಾಲು ಹಿಂದೆ ಬಿದ್ದು ಕೀರ್ತನೆ ಹಾಡಿದಳು. ಪಾದ್ರಿಯವರು ವಯಸ್ಸಾದವರು, ನನ್ನ ಪ್ರಶ್ನೋತ್ತರಿ ಕೇಳಿ ಮುಗಿಸಿ, ಪುಸ್ತಕದಿಂದ ತಲೆ ಎತ್ತದೆ, ಎಲ್ಲ ಊರಲ್ಲೂ ಎಲ್ಲ ಮಕ್ಕಳಿಗೂ ಕೇಳುವ ಕೊನೆಯ ಪ್ರಶ್ನೆ ಕೇಳಿದರು.

“ಈ ಸಭೆಯ ಮುಂದ ನೀ ಕೊಟ್ಟ ಸಾಕ್ಷಿ ನಿನ್ನ ಮನಸ್ಸಿನದ ಏನವ್ವಾ?”

“ಅಲ್ರಿ. ಅದು ಸುಳ್ಳು. ನಾ ಕಟ್ಟಿ ಹೇಳೇನಿ.”

ಪಾದ್ರಿಯವರು ತಲೆ ಎತ್ತಿದರು. ಮೊದಲೇ ಯೋಚಿಸಿಟ್ಟ ಮಾತಲ್ಲ ಅದು. ಬಾಯಿಂದ ಬಂದ ಮೇಲೆ ನನಗೇ ಗೊತ್ತಾದದ್ದು. ಆದರೆ ಬಂದ ಮೇಲೆ ಹಿಂದೆ ಸರಿಯುವ ಮನಸ್ಸಿರಲಿಲ್ಲ. ಸುಳ್ಳು ಹೇಳಿದವಳ ಹೆಸರು ಬರೆದುಕೊಂಡಿರಿ, ಸುಳ್ಳು ಹೇಳಲಾರದವಳ ಹೆಸರು ಬಿಟ್ಟಿರಿ, ನಾನು ಈ ರೊಟ್ಟಿ ತಿನ್ನುವುದಿಲ್ಲ ಎಂದೆ. ದನಿ ಕೊನೆಯ ಬೆಂಚಿಗೆ ಕೇಳುವಷ್ಟಿತ್ತು. ಯೋನಪ್ಪನವರು ಎದ್ದು ನಿಂತರು. ಅವರು ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಪರವಾಗಿ ಮಾತನಾಡಿದರು, ಅದೇ ಭಯಂಕರ.

“ಮಗು ಹೆದರಿದೆ ಅಯ್ಯನವರೇ. ಅಂದು ನುಡಿದದ್ದು ಪವಿತ್ರಾತ್ಮ. ಇಂದು ನುಡಿಸುತ್ತಿರುವವನು ಬೇರೆ. ಇದರ ಸಾಕ್ಷಿ ನಿಜವೆಂದು ನಾನು ಬಲ್ಲೆ.”

ನಾನು ಸುಳ್ಳು ಎಂದು ಹೇಳಿದ್ದನ್ನು ಅವರು ನಿಜ ಎಂದು ಸಾಧಿಸುತ್ತಿದ್ದರು, ನನ್ನ ಎದೆಯೊಳಗೆ ಏನಿದೆ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ತೆರೆದರೆ ಆಡುವವನು ಸೈತಾನ ಎಂದಾದ ಮೇಲೆ ನಾನು ಹೇಳುವುದೇನು ಉಳಿಯಿತು? ಆಗ ಹೆಂಗಸರ ಕಡೆಯಿಂದ ಅವ್ವ ಎದ್ದಳು. ಸಭೆಯಲ್ಲಿ ಹಾಡು ಬಿಟ್ಟು ಬೇರೆ ದನಿ ತೆಗೆದವಳಲ್ಲ ಅವ್ವ.

“ಕೊಡ ಬೀಳಿಸಿದಾಕಿ ನಾನ್ರಿ. ಈಕಿ ಆ ಹೊತ್ತಿನಾಗ ಹಾಸಿಗ್ಯಾಗ ಬಿದ್ದಿದ್ದಳು.”

ಯಾರೋ ಕಿಸಕ್ಕನೆ ನಕ್ಕರು. ಬಾವಿಯ ಪಾಳಿಗೆ ಅವ್ವನ ಜೊತೆ ಜಗಳವಾಡುವ ಹಿರಿಯರ ಹೆಂಡತಿಯೇ, ಹೌದು, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅಂದು ಪಾಳಿ ನನ್ನದಿತ್ತು ಎಂದುಬಿಟ್ಟರು. ಯೋನಪ್ಪನವರು ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ಕೂತರು. ಆ ಮುಖ ನೋಡಿ ನನಗೆ ಗೆದ್ದ ಖುಷಿ ಆಗಬೇಕಿತ್ತು, ಆಯಿತು ಕೂಡ. ಪಾದ್ರಿಯವರು ಇವತ್ತು ಬೇಡ ಮಗಳೇ, ಹಿಂದೆ ಕೂಡು ಎಂದರು. ನಾನು ಹೋಗಿ ಸಾರತ್ತೆಯ ಪಕ್ಕ ಕೂತೆ. ಅವಳು ನನ್ನ ಕಡೆ ತಿರುಗಲಿಲ್ಲ. ಹಿರಿಯರ ಮನೆಯ ರೊಟ್ಟಿ ಮುರಿಯಲು ಪಾದ್ರಿಯವರು ಎರಡು ಸಲ ಒತ್ತಬೇಕಾಯಿತು. ಅಪ್ಪ ಬಟ್ಟಲು ಹಿಡಿದುಕೊಂಡು ಸಾಲಿನಲ್ಲಿ ನಡೆದರು, ನಮ್ಮ ಬೆಂಚಿನ ಹತ್ತಿರ ಬಂದಾಗ ಕಣ್ಣು ಬಟ್ಟಲಲ್ಲೇ ಇತ್ತು, ದಾಟಿ ಹೋದರು.

ಇದನ್ನು ಇಲ್ಲಿಗೆ ನಿಲ್ಲಿಸಿದರೆ ನಾನು ದೊಡ್ಡವಳಾಗಿ ಕಾಣುತ್ತೇನೆ. ಮುಂದೆ ಬಹಳ ವರ್ಷ ನಾನು ಇಲ್ಲಿಗೇ ನಿಲ್ಲಿಸಿ ಹೇಳುತ್ತಿದ್ದೆ, ಸರಿಯಾದ ಕಡೆ ದನಿ ಇಳಿಸಿ. ಅದೂ ಒಂದು ಹುಲಿಯಾಗುತ್ತಿದೆ ಎಂದು ತಿಳಿದ ದಿನ ಬಿಟ್ಟೆ. ಬೋಧಕರಿಗೆ ಏನಾದರೂ ಬೇಕೇ ಬೇಕೆಂದರೆ ಇದರ ಮುಂದಿನದನ್ನು ಬರೆದುಕೊಳ್ಳಲಿ.

ಮಧ್ಯಾಹ್ನ ಜಗಲಿಯಲ್ಲಿ ಪಾದ್ರಿಯವರೂ ಅಪ್ಪನೂ ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರು. ನಾನು ಅಡಿಗೆಮನೆಗೆ ಹೋದೆ. ಸಾರತ್ತೆ ಒಲೆಯ ಮುಂದಿದ್ದಳು. ತಬ್ಬಿಕೊಳ್ಳುತ್ತಾಳೆ ಎಂದು ನಾನು ಎಣಿಸಿಕೊಂಡೇ ಹೋಗಿದ್ದೆ. ಬಂಗಡೆ ಸಾರಿನ ಗಡಿಗೆ ಇಳಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಕೂಡು ಎಂದಳು.

“ಯಾರ ಸಲುವಾಗಿ ಎದ್ದು ನಿಂತಿ?”

“ನಿನ್ನ ಸಲುವಾಗಿ.”

“ನನಗೇನಾಗಿತ್ತು? ಪುಸ್ತಕದಾಗ ಇಲ್ಲಂದ್ರ ಅವನಿಗೇನು ನನ್ನ ಹೆಸರು ಮರತಹೋಗತದ? ಒಂದು ಕೇಳತೇನಿ, ಖರೇ ಹೇಳು. ನಿನ್ನಿ ಅವರು ನನ್ನ ಹೆಸರು ಬರಕೊಂಡಿದ್ರ, ಇವತ್ತು ಆ ಸುಳ್ಳು ಹೊಟ್ಟ್ಯಾಗ ಇಟಗೊಂಡು ರೊಟ್ಟಿ ತಿಂತಿದ್ದಿ ಇಲ್ಲೋ?”

ಒಲೆಯೊಳಗೆ ಹಸಿ ಕಟ್ಟಿಗೆ ಹೊಗೆಯುತ್ತಿತ್ತು. ನನಗೆ ಬೇಕಾದಷ್ಟು ಉತ್ತರಗಳು ಹೊಳೆದವು. ಹಿಂದಿನ ದಿನವೇ ಮನಸ್ಸು ಚುಚ್ಚುತ್ತಿತ್ತು ಎನ್ನಬಹುದಿತ್ತು, ಹೇಗಾದರೂ ಎದ್ದು ನಿಲ್ಲುತ್ತಿದ್ದೆ ಎನ್ನಬಹುದಿತ್ತು. ಚೆನ್ನಾಗಿ ಹೇಳಲು ಬರುತ್ತಿತ್ತು ನನಗೆ, ಬೇಕೆಂದರೆ ಅಳುವೂ ಬರುತ್ತಿತ್ತು. ಅತ್ತೆ ಕಾಯುತ್ತಿದ್ದಳು. ಯೋನಪ್ಪನವರ ಮುಂದೆ ಜಗಲಿಯಲ್ಲಿ ತಾನು ಹೇಗೆ ನೆನಪು ಮಾಡಿಕೊಂಡಿದ್ದಳೋ ಹಾಗೆ ನಾನೂ ನೆನಪು ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟ ಹಾಗೆ.

“ತಿಂತಿದ್ದೆ.”

“ಹಾಂ,” ಎಂದಳು ಸಾರತ್ತೆ. ಅಪ್ಪನಿಗೆಂದು ಎತ್ತಿಡುತ್ತಿದ್ದ ಮೀನಿನ ನಡುವಿನ ತುಂಡನ್ನು ನನ್ನ ತಟ್ಟೆಗೆ ಹಾಕಿದಳು.

“ಉಣ್ಣು. ಮುಂದಿನ ಸಲದ ಗೋಧಿ ನೀ ಬೀಸು.”

ಮೂರು ತಿಂಗಳಾದ ಮೇಲೆ ಶುಕ್ರವಾರ ಮಧ್ಯಾಹ್ನ, ದೃಢೀಕರಣ ಆಗದ ನಾನು, ತೊಳೆದು ಒಣಗಿಸಿದ ಬೀಸುಕಲ್ಲಿನ ಮುಂದೆ ಕೂತು ಗೂಟ ಹಿಡಿದೆ. ಹೆಸರು ಬಿಟ್ಟುಹೋದ ಸಾರತ್ತೆ ಎದುರಿಗೆ ಕೂತು ಗೋಧಿ ಹಾಕುತ್ತಿದ್ದಳು, ಎಂದಿನ ಹಾಗೆ ಬಾಯಿ ನಡೆದೇ ಇತ್ತು. ಈ ಹುಡುಗಿಗೆ ಕೈ ಭಾರ, ಹಿಟ್ಟು ತರಿಯಾಗುತ್ತಿದೆ, ನೀನೇ ನೋಡು ಎನ್ನುತ್ತಿದ್ದಳು. ಅಪ್ಪ ಯಾವುದೋ ಕೆಲಸಕ್ಕೆ ಒಳಗೆ ಬಂದವರು ಹೊಸ್ತಿಲಲ್ಲೇ ನಿಂತರು. ನಾನು ಬೀಸುವುದನ್ನು ನಿಲ್ಲಿಸಲಿಲ್ಲ, ಅವರ ಮುಖವನ್ನೇ ನೋಡುತ್ತ ಬೀಸಿದೆ. ಸ್ವಲ್ಪ ಹೊತ್ತು ನಿಂತಿದ್ದು ಹೊರಗೆ ಹೋದರು. ಮರುದಿನ ಯೋನಪ್ಪನವರು ಬಂದು ಜಗಲಿಯಲ್ಲಿ ಕೂತು ಪುಸ್ತಕ ಬಿಚ್ಚಿದಾಗ ಮೊದಲನೆಯ ಸಾಲಿನಲ್ಲಿ, ಯಾರನ್ನೂ ಏನನ್ನೂ ಕೇಳುವ ಮೊದಲೇ, ಅಪ್ಪನ ಅಕ್ಷರದಲ್ಲಿ ಸಾರತ್ತೆಯ ಹೆಸರು ಬರೆದಾಗಿತ್ತು. ಶಾಯಿ ಹಿಂದಿನ ದಿನವೇ ಒಣಗಿತ್ತು.